ಕಂಬದ ಬುಡದಲ್ಲಿ ಎರಡನೆಯ ಸಂಪುಟ

ಅಮೆರಿಕದ ಅಧ್ಯಕ್ಷರೊಬ್ಬರನ್ನು ನಾನು ದಮ್ಮಾಮ್ ಏರ್‌ಪೋರ್ಟಿನಲ್ಲಿ ಕಂಬದ ಬುಡದಲ್ಲಿ ಬಿಟ್ಟು ಬಂದಿದ್ದೇನೆ. ಪೂರ್ತಿಯಲ್ಲ, ಅರ್ಧ. ಎರಡು ಸಂಪುಟಗಳಲ್ಲಿ ಎರಡನೆಯದು.

ನಗಬೇಡಿ. ನಾನೂ ಮೊದಲು ನಕ್ಕವಳೇ. (ಅಧ್ಯಕ್ಷರ ಹೆಸರು ಬೇಡ. ಅವರು ತೀರಿಕೊಂಡು ಬಹಳ ಕಾಲವಾಯಿತು, ಅವರಿಗೇನೂ ನಷ್ಟವಿಲ್ಲ.) ನಷ್ಟವಾದದ್ದು ಜಯಕರಣ್ಣನಿಗೆ.

ಜಯಕರಣ್ಣ ಇಲ್ಲಿ ಸೌದಿಯ ಅಬ್ಕೈಕ್‌ನಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಸ್ಟೋರ್‌ಕೀಪರ್. ಕಾಪುವಿನ ಕಡೆಯವರು. ಶುಕ್ರವಾರ, ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ಬ್ಯಾಚುಲರ್ ರೂಮಿನವರು ಫ್ಯಾಮಿಲಿಯವರ ಮನೆಗೆ ಊಟಕ್ಕೆ ಬರುವುದು ಈ ಊರಿನ ರೂಢಿ. ಹಾಗೆ ನಮ್ಮ ಮನೆಗೆ ಬರುವವರು ಇವರು. ಬರಿಗೈಯಲ್ಲಿ ಬಂದವರಲ್ಲ. ಅಂಜಲ್ ಮೀನು ತಂದು, ತಾವೇ ಕೊಯ್ದು, ತೊಳೆದು, ನನ್ನ ಕೈಗೆ ಪಾತ್ರೆ ಕೊಟ್ಟು, ಆಮೇಲೆ ಕೂರುತ್ತಾರೆ.

ಎರಡು ವರ್ಷದ ಹಿಂದೆ ಅವರ ಅಮೆರಿಕನ್ ಮ್ಯಾನೇಜರ್ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ. ಹೊರಡುವ ಮುಂಚೆ ಸಾಮಾನು ಹಂಚಿದ. ಮೈಕ್ರೋವೇವ್ ಒಬ್ಬನಿಗೆ, ಸೈಕಲ್ ಇನ್ನೊಬ್ಬನಿಗೆ. ಯಾರಿಗೂ ಬೇಡವಾಗಿ ಜಯಕರಣ್ಣನ ಪಾಲಿಗೆ ಉಳಿದದ್ದು ಎರಡು ದಪ್ಪ ಪುಸ್ತಕ. ಆ ಅಧ್ಯಕ್ಷರ ಜೀವನ, ಜೊತೆಗೆ ಅವರು ಬರೆದ ಪತ್ರಗಳು. "ಬೇಡ ಅನ್ಲಿಕ್ಕೆ ನಾಚಿಕೆ ಆಯ್ತು ಟೀಚರ್" ಎಂದಿದ್ದರು. (ನಾನು ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ.)

ಬೇಡ ಅನ್ನಲಾಗದೆ ತಂದವರು ಓದಲು ಕೂತರು! ಗ್ಯಾಸ್ಕೆಟ್, ಫ್ಲ್ಯಾಂಜ್, ವಾಲ್ವ್ ಇಷ್ಟೇ ಇಂಗ್ಲಿಷ್ ಗೊತ್ತಿದ್ದ ಮನುಷ್ಯ. ಅರ್ಥವಾಗದ ಪದಗಳನ್ನು ಸ್ಟೋರಿನ ಸ್ಲಿಪ್ಪಿನ ಹಿಂಬದಿಯಲ್ಲಿ ಬರೆದುಕೊಂಡು ಬಂದು ಶುಕ್ರವಾರ ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಒಗ್ಗರಣೆ ಹಾಕುತ್ತಲೇ ಅರ್ಥ ಹೇಳುತ್ತಿದ್ದೆ. ಪುಸ್ತಕವನ್ನು ಮಾತ್ರ ಕಣ್ಣಿಂದ ಕಂಡಿರಲಿಲ್ಲ.

ಒಂದು ಶುಕ್ರವಾರ ಊಟದ ಮಧ್ಯೆ ಹೇಳಿದರು. "ಇಡೀ ದೇಶದ ತಲೆಬಿಸಿ ಉಂಟು ಅವರಿಗೆ. ಆದ್ರೂ ಎಲ್ಲಿ ಹೋದ್ರೂ ಮಕ್ಕಳಿಗೆ ಕಾಗದ ಬರೀತಾರೆ ಮಾರಾಯ್ರೆ! ನನಗೆ ಎಂತ ತಲೆಬಿಸಿ ಇತ್ತು? ನಟ್ಟು, ಬೋಲ್ಟು."

ಅವರ ಮಗಳ ವಿಷಯ ನಮಗೆ ಗೊತ್ತಿತ್ತು. ಶ್ರಾವ್ಯಾ ಎನ್ನೋಣ (ನಿಜವಾದ ಹೆಸರಲ್ಲ, ಜಯಕರ ಎಂಬುದೂ ಅಲ್ಲ). ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ತಾಯಿ ಕಾಯಿಲೆಯಲ್ಲಿ ತೀರಿಕೊಂಡರು. ಅಪ್ಪ ಬರಲಿಲ್ಲ. ಚಿತೆಗೆ ಬೆಂಕಿ ಇಡುವ ಹೊತ್ತಿಗೂ ಇಲ್ಲ, ಹದಿಮೂರನೆಯ ದಿನಕ್ಕೂ ಇಲ್ಲ. ಸೋದರಮಾವ ಸಾಕಿದರು. ಈಗ ಉಡುಪಿಯ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಾಳೆ. ಅಪ್ಪ ಫೋನು ಮಾಡಿದರೆ ಅವಳದು ಮೂರೇ ಮಾತು: "ಹೂಂ", "ಊಟ ಆಯ್ತು", "ಇಡ್ತೇನೆ".

ಈ ಬೇಸಿಗೆ ರಜೆಯಲ್ಲಿ ನಾನು ಊರಿಗೆ ಹೊರಟಾಗ ಜಯಕರಣ್ಣ ಪೇಪರಿನಲ್ಲಿ ಸುತ್ತಿ ಹಗ್ಗ ಬಿಗಿದ ಒಂದು ಕಟ್ಟು ತಂದರು. "ಅಧ್ಯಕ್ಷರ ಪುಸ್ತಕ. ಮಗಳ ಕೈಗೇ ಕೊಡ್ತೀರಾ ಟೀಚರ್? ಓದ್ಲಿ ಅಂತ."

ಗಲ್ಫಿನಲ್ಲಿ ಒಂದು ಪಾಠವಿದೆ. ದೇವರೇ ಬಂದು ಕೊಟ್ಟರೂ ಕಟ್ಟು ಬಿಚ್ಚಿ ನೋಡದೆ ಒಯ್ಯಬಾರದು. ಒಳಗೆ ಏನಾದರೂ ಸಿಕ್ಕಿದರೆ ಜೈಲಿಗೆ ಹೋಗುವವರು ನಾವು. ಹಾಗಾಗಿ ಅವರ ಎದುರಿಗೇ ಬಿಚ್ಚಿದೆ. ಪುಸ್ತಕಗಳ ಬೆನ್ನು ಹಿಡಿದು, ತಲೆಕೆಳಗು ಮಾಡಿ, ಒಂದೊಂದನ್ನೂ ಕೊಡವಿದೆ. ಏನೂ ಬೀಳಲಿಲ್ಲ. ಜಯಕರಣ್ಣ ಪಾಪ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ಒಂದು ಪುಟ ತಿರುವಿದ್ದರೆ ಸಾಕಿತ್ತು. ತಿರುವಲಿಲ್ಲ.

ಏರ್‌ಪೋರ್ಟಿನಲ್ಲಿ ಒಂದೂವರೆ ಕಿಲೋ ಹೆಚ್ಚಾಯಿತು. ಕೌಂಟರಿನವನು ತಲೆ ಕೂಡ ಎತ್ತಲಿಲ್ಲ. ತೆಗಿ ಎಂದು ಬೆರಳು ಆಡಿಸಿದ. ಹಿಂದೆ ಉದ್ದದ ಕ್ಯೂ. ನೆಲದ ಮೇಲೆ ಬ್ಯಾಗು ಬಿಚ್ಚಿ ಕೂತೆ. ಹಾಲಿನ ಪುಡಿ ಡಬ್ಬ ತೆಗೆಯಲೇ? ಅತ್ತೆ ಹೇಳಿ ತರಿಸಿಕೊಂಡದ್ದು. ಬಾದಾಮಿ? ನಾದಿನಿಗೆ. ಸೆಂಟು? ಹೇಗೆ ತೆಗೆಯುವುದು! ಕೊನೆಗೆ ಕೈಗೆ ಬಂದದ್ದು ಎರಡನೆಯ ಸಂಪುಟ, ದಪ್ಪ ಇದ್ದದ್ದು ಅದೇ. ಈಗಿನ ಹುಡುಗಿ ಒಂದು ಸಂಪುಟ ಓದಿದರೆ ಅದೇ ಹೆಚ್ಚು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಕಂಬದ ಬುಡದಲ್ಲಿ ಬೇರೆಯವರು ಬಿಟ್ಟುಹೋದ ಕಂಬಳಿ, ಶರಬತ್ತಿನ ಬಾಟಲಿಗಳಿದ್ದವು. ಅವುಗಳ ಪಕ್ಕದಲ್ಲಿ ಇಟ್ಟು ಬಂದೆ.

ಊರಿನಲ್ಲಿ ಉಳಿದ ಸಂಪುಟವನ್ನು ಎರಡು ದಿನ ನಾನೇ ಓದಿದೆ. ಅಲ್ಲಲ್ಲಿ ಜಯಕರಣ್ಣನ ಪೆನ್ಸಿಲಿನಲ್ಲಿ ಪದಗಳ ಅರ್ಥ, ಅಷ್ಟೇ. ಅಬ್ಬಬ್ಬಾ, ಆ ಅಧ್ಯಕ್ಷರ ಒಂದು ಚೂರು ಕಾಗದವೂ ಹಾಳಾಗಿಲ್ಲ! ಕೋಟು ಹೊಲಿಯುವುದು ತಡವಾಯಿತೆಂದು ದರ್ಜಿಗೆ ಬರೆದ ಚೀಟಿಗೂ ಅಡಿಟಿಪ್ಪಣಿ. ಯಾರೋ ಎತ್ತಿಟ್ಟಿದ್ದಾರೆ, ಯಾರೋ ಹುಡುಕಿದ್ದಾರೆ, ಯಾರೋ ಅಚ್ಚು ಹಾಕಿಸಿದ್ದಾರೆ. ನಮ್ಮದು? ವರ್ಷಗಟ್ಟಲೆ ಕಳಿಸಿದ ವಾಯ್ಸ್ ಮೆಸೇಜುಗಳು, ಫೋನು ನೀರಿಗೆ ಬಿದ್ದ ದಿನ ಎಲ್ಲ ಖಾಲಿ. ಹೀಗೆಲ್ಲ ಯೋಚಿಸಿ ಅಂಕಣಕ್ಕೆ ಒಳ್ಳೆಯ ವಿಷಯ ಸಿಕ್ಕಿತೆಂದು ಖುಷಿಪಟ್ಟಿದ್ದೆ ನೋಡಿ, ನನ್ನ ಬುದ್ಧಿಗಿಷ್ಟು.

ಹಾಸ್ಟೆಲಿನ ಗೇಟಿನಲ್ಲಿ ಶ್ರಾವ್ಯಾ ಪುಸ್ತಕ ತೆಗೆದುಕೊಂಡಳು. "ಅಪ್ಪ ಕೊಟ್ರಾ? ಇದು ಎಂತಕ್ಕೆ ನನಗೆ?" ಅಷ್ಟು ಹೇಳಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು.

ನಾನು ವಾಪಸು ಬಂದ ಮೊದಲ ಶುಕ್ರವಾರ ಜಯಕರಣ್ಣ ಮೀನಿನ ಪಾತ್ರೆ ಕೆಳಗಿಡುವ ಮೊದಲೇ ಕೇಳಿದರು.

"ಕೊಟ್ರಾ ಟೀಚರ್?"

"ಕೊಟ್ಟೆ ಜಯಕರಣ್ಣ."

"ಎರಡೂ?"

"ಎರಡೂ."

ಯಾಕೆ ಸುಳ್ಳು ಹೇಳಿದೆ? ಹಳೆಯ ಪುಸ್ತಕ ತಾನೇ, ಸುಮ್ಮನೆ ಯಾಕೆ ಅವರಿಗೆ ಬೇಜಾರು ಮಾಡುವುದು ಎಂದು. ಬಾಯಿಂದ ಹೊರಗೆ ಬಿದ್ದ ಮೇಲೆ ಅವರು ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

"ನಿಮಗೆ ಈಗ ಹೇಳ್ತೇನೆ. ಎರಡನೇದರಲ್ಲಿ ಅವರು ಮಕ್ಕಳಿಗೆ ಬರೆದ ಕಾಗದಗಳು ಉಂಟಲ್ಲ, ಪ್ರತಿಯೊಂದರ ಬದಿಯಲ್ಲಿ ನಾನೂ ಶ್ರಾವ್ಯಳಿಗೆ ಒಂದು ಬರ್ದಿದ್ದೇನೆ. ಕನ್ನಡದಲ್ಲಿ. ಅವಳ ಅಮ್ಮ ಹೋದಾಗ ನಾನು ಯಾಕೆ ಬರ್ಲಿಲ್ಲ ಅಂತ."

ಯಾಕೆ ಎಂಬುದನ್ನು ನಾನೂ ಅವತ್ತೇ ಕೇಳಿದ್ದು. ಆಗ ಅವರ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮುಗಿದುಹೋಗಿತ್ತು. ಅದನ್ನು ರಿನ್ಯೂ ಮಾಡಿಸಬೇಕಾದ ಹಳೆಯ ಮಾಲೀಕ, ಅವರ ಕಫೀಲ್, ಇವತ್ತು ನಾಳೆ ಎನ್ನುತ್ತಿದ್ದ. ಇಕಾಮಾ ಇಲ್ಲದೆ ಊರಿಗೆ ಹೋಗಿಬರುವ ವೀಸಾ ಇಲ್ಲ.

"ಅಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಇಲ್ಲಿ ನಾನು ಪೊಲೀಸರಿಗೆ ಹೆದರಿ ರೂಮಿಂದ ಹೊರಗೆ ಬರುದಿಲ್ಲ ಅಂತ ಹೇಗೆ ಹೇಳುದು? ಕೆಲ್ಸ ಜಾಸ್ತಿ, ರಜೆ ಕೊಡುದಿಲ್ಲ ಅಂದೆ. ಮಗಳು ಅದನ್ನೇ ನಂಬಿದ್ಳು. ಈಗ ಫೋನಲ್ಲಿ ಹೇಳ್ಲಿಕ್ಕೆ ಹೋದ್ರೆ ಇಡ್ತೇನೆ ಅಂತಾಳೆ. ಕಾಗದ ಆದ್ರೆ ಅವಳಿಗೆ ಬೇಕಾದಾಗ ಓದ್ಬಹುದಲ್ಲ? ಡಿಸೆಂಬರಿಗೆ ಕಾಂಟ್ರಾಕ್ಟ್ ಮುಗೀತದೆ ಟೀಚರ್. ಅವಳು ಒಮ್ಮೆ ಬನ್ನಿ ಅಪ್ಪಾ ಅಂದ್ರೆ ಸಾಕು, ಇಲ್ಲಿಯದ್ದು ಮುಗ್ಸಿ ಹೋಗುದು."

ನನಗೆ ಒಲೆಯ ಮೇಲಿನ ಸಾರು ಉಕ್ಕಿದ್ದೂ ಗೊತ್ತಾಗಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಗಂಡ ದಿನಾ ಹೇಳಿದರು, "ಹೇಳಿ ಮುಗ್ಸಿಬಿಡು ಮಾರಾಯ್ತಿ." ಮುಂದಿನ ಶುಕ್ರವಾರ ಎಂದೆ. ಎಂಟು ಶುಕ್ರವಾರ ಹೋದವು. ಮಕ್ಕಳ ಸುಳ್ಳು ಹಿಡಿದು ಬೆಂಚಿನ ಮೇಲೆ ನಿಲ್ಲಿಸುವ ಟೀಚರ್ ನಾನು!

ಮಗಳ ಫೋನು ಬರಲಿಲ್ಲ. ಹೇಗೆ ಬರುತ್ತದೆ? ಮೊದಮೊದಲು ಪರೀಕ್ಷೆ ಇರಬೇಕು ಎನ್ನುತ್ತಿದ್ದರು. ಆಮೇಲೆ ಮೀನು ತರುವುದು ನಿಂತಿತು. ಆಮೇಲೆ ಬರುವುದೂ ನಿಂತಿತು. ಕಳೆದ ಶುಕ್ರವಾರ ನಾವೇ ಅವರ ರೂಮಿಗೆ ಹೋದೆವು. ಮಂಚದ ತುದಿಯಲ್ಲಿ ಕೂತು ನಾನು ಎಲ್ಲ ಹೇಳಿದೆ. ಕಂಬ, ಕಂಬಳಿ, ಹಾಲಿನ ಪುಡಿ ಡಬ್ಬ, ಯಾವುದನ್ನೂ ಬಿಡದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಜಯಕರಣ್ಣ ನಕ್ಕರು. ಕಣ್ಣಲ್ಲಿ ನೀರು, ಆದರೂ ನಗು.

"ಹಾಗಾದ್ರೆ ಅವಳು ಓದ್ಲೇ ಇಲ್ಲ! ಓದಿ ಬೇಡ ಅಂದದ್ದಲ್ಲ!"

"ಇನ್ನೊಮ್ಮೆ ಬರೆಯಿರಿ ಜಯಕರಣ್ಣ, ನಾನೇ ಒಯ್ದು ಕೊಡುತ್ತೇನೆ" ಎಂದೆ.

"ಅಷ್ಟನ್ನು ಇನ್ನೊಮ್ಮೆ ಬರೀಲಿಕ್ಕೆ ಆಗುದಿಲ್ಲ ಟೀಚರ್. ಅದಕ್ಕೇ ಎರಡು ವರ್ಷ ಬೇಕಾಯ್ತು." ನಗು ಅಷ್ಟರಲ್ಲಿ ನಿಂತಿತ್ತು. ದಿಂಬಿನ ಅಡಿಯಿಂದ ಒಂದು ಕಾಗದ ತೆಗೆದು ತೋರಿಸಿದರು. ಹೊಸ ಕಾಂಟ್ರಾಕ್ಟು, ಇನ್ನೆರಡು ವರ್ಷಕ್ಕೆ. "ಮಗಳಿಗೆ ಬೇಡದ ಮೇಲೆ ಊರಿಗೆ ಹೋಗಿ ಎಂತ ಮಾಡುದು ಅಂತ ನಿನ್ನೆ ಸೈನ್ ಹಾಕಿದೆ. ಇನ್ನು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ."

ಒಂದು ದಿನ. ಒಂದೇ ದಿನ ತಡವಾಗಿ ಹೋಗಿದ್ದೆ.

ಹೊರಡುವಾಗ ಅವರೇ ಹೇಳಿದರು. "ನೀವು ಪೇಪರಲ್ಲಿ ಬರೀತೀರಲ್ಲ, ಬರೀರಿ. ಅವಳ ಹಾಸ್ಟೆಲಿಗೆ ಆ ಪೇಪರು ಬರ್ತದೆ. ಕೆಲ್ಸ ಜಾಸ್ತಿ ಇರ್ಲಿಲ್ಲ, ಬರ್ಲಿಕ್ಕೆ ಆಗ್ಲಿಲ್ಲ ಅಂತ ಇಷ್ಟು ಬರೀರಿ, ಸಾಕು."

ಬರೆದಿದ್ದೇನೆ ಜಯಕರಣ್ಣ. ಎರಡನೆಯ ಸಂಪುಟದ ಅಷ್ಟೂ ಕಾಗದಗಳ ಬದಲಿಗೆ ಒಂದು ಅಂಕಣ, ಅದೂ ನನ್ನ ಮಾತಿನಲ್ಲಿ. ಇದು ಯಾವ ಲೆಕ್ಕಕ್ಕೂ ಸಾಲದು. ಆ ದಿನ ನಾನು ಉಳಿಸಿಕೊಂಡು ಹೋದ ಹಾಲಿನ ಪುಡಿ ನಮ್ಮೂರಿನ ಅಂಗಡಿಯಲ್ಲೂ ಸಿಗುತ್ತದೆ.

ಶ್ರಾವ್ಯಾ, ಹೆಸರು ಬದಲಾಯಿಸಿದರೂ ಇದು ನೀನೇ ಎಂದು ನಿನಗೆ ಗೊತ್ತಾಗುತ್ತದೆ ಮಗಳೇ: ಫೋನು ಅಪ್ಪನಿಗೆ ಮಾಡು, ಬೈಗುಳವೆಲ್ಲ ನನಗಿರಲಿ.