ಹಾಲ್‌ಗೆ ಚಿತ್ರ ಬರುವ ತನಕ

ರೇಸ್ ಮೈದಾನದಲ್ಲಿ ಮೈಕು ಹಿಡಿದು ಓಟ ಕೂಗುವುದು ಅವನ ಕೆಲಸ. ಸವಾರರ ಅಂಗಿಯ ಬಣ್ಣಗಳನ್ನು ಬೆಳಿಗ್ಗೆಯೇ ಬಾಯಿಪಾಠ ಮಾಡುತ್ತಿದ್ದುದರಿಂದ ಎಂಥ ಧೂಳಿನಲ್ಲೂ ಕುದುರೆಯ ಗುರುತು ತಪ್ಪುತ್ತಿರಲಿಲ್ಲ. ಆ ವಾರ ಕ್ಲಬ್ಬಿನವರು ಆನ್‌ಲೈನ್ ಬೆಟ್ಟಿಂಗ್ ಕಂಪನಿಯ ಮಾತು ಕೇಳಿ, ಪೇಟೆಯ ಬೆಟ್ಟಿಂಗ್ ಹಾಲ್‌ಗೆ ಓಟದ ನೇರ ಚಿತ್ರ ಕಳಿಸುವುದನ್ನೇ ನಿಲ್ಲಿಸಿದರು. ಅಲ್ಲಿನ ಟಿಕೆಟ್ ಕಿಟಕಿಗಳ ನಲವತ್ತು ಜನ ಕೆಲಸವಿಲ್ಲದೆ, ಬೀಗ ಬಿದ್ದ ಹಾಲ್ ಬಾಗಿಲಲ್ಲಿ ಧರಣಿ ಕೂತರು. ಅವರಲ್ಲಿ ಅವನ ಅಕ್ಕನೂ ಒಬ್ಬಳು.

ಶನಿವಾರ ಮೊದಲ ಓಟಕ್ಕೆ ಅವನು ಮೈದಾನದಾಚೆಗೆ ದನಿ ಒಯ್ಯುವ ವೈರು ಕಿತ್ತು, ಮೈದಾನದವರಿಗೆ ಮಾತ್ರ ಕೂಗಿದ. ಫೋನಿನಲ್ಲಿ ಕಂಪನಿಯ ಚಿತ್ರ ನೋಡುತ್ತಿದ್ದವರಿಗೆ ಧೂಳು ಬಿಟ್ಟು ಬೇರೇನೂ ತಿಳಿಯಲಿಲ್ಲ. ಕ್ಲಬ್ಬಿನ ಮ್ಯಾನೇಜರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

“ತಲೆ ಕೆಟ್ಟಿದ್ಯೇನಯ್ಯ? ಕಂಪನಿಯವರು ನನ್ನ ಜೀವ ತಿಂತಿದಾರೆ!”

“ಹಾಲ್‌ಗೆ ಚಿತ್ರ ಬಿಡಿ ಸಾರ್, ವೈರು ಹಾಕ್ತೀನಿ.”

“ಬೇರೆಯವನನ್ನ ಕರೆಸ್ತೀನಿ.”

“ಕರೆಸಿ. ಇನ್ನರ್ಧ ಗಂಟೇಲಿ ಹದಿನಾಲ್ಕು ಅಂಗಿ ಬಾಯಿಪಾಠ ಮಾಡೋ ಗಂಡು ಯಾವನಿದಾನೋ ನಾನೂ ನೋಡ್ತೀನಿ.”

ಎರಡನೇ ಓಟವೂ ಫೋನುಗಳಲ್ಲಿ ಮೂಕವಾಗಿಯೇ ಹೋಯಿತು. ಮೂರನೆಯದಕ್ಕೆ ಕುದುರೆಗಳು ಸಾಲುಗಟ್ಟುವಾಗ ಅಕ್ಕ ಫೋನು ಮಾಡಿದಳು.

“ಬಾಗಿಲು ತೆಗೆದ್ರು ಕಣೋ, ಚಿತ್ರಾನೂ ಬಂತು. ಈಗಾದ್ರೂ ಬಾಯಿ ಬಿಡೋ ಕತ್ತೆ, ಯಾವ ಕುದುರೆ ಯಾವ್ದು ಅಂತ ಇಲ್ಲಿ ಒಬ್ರಿಗೂ ಗೊತ್ತಾಗ್ತಿಲ್ಲ!”