ಪಾಠದ ಚಾನೆಲ್ಲಿನ ಡಬ್ಬಿ

ರೂಪಾ, ಅವತ್ತು ಸುಳ್ಳು ಹೇಳಿದ್ದು ನೀನಲ್ಲ, ನಾನು. ಈ ಮಾತನ್ನು ಅವತ್ತೇ ನಿಮ್ಮವ್ವನ ಮುಂದೆ ಹೇಳಬೇಕಿತ್ತು — ಹೇಳಲಿಲ್ಲ. ಹೆದರಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕೊರೊನಾ ಬಂದು ಶಾಲೆ ಮುಚ್ಚಿದ್ದ ಕಾಲ. ಸರ್ಕಾರದ ಚಾನೆಲ್ಲಿನಲ್ಲಿ ದಿನಾ ಮಕ್ಕಳಿಗೆ ಪಾಠ ಬರುತ್ತಿತ್ತು. ಆತಗೂರಿನ ಸುತ್ತ ಮನೆಮನೆಗೆ ಕೇಬಲ್ ಎಳೆದವನು ನಾನೇ. ನಮ್ಮ ಮಹಡಿಯಲ್ಲಿ ಒಂದೊಂದು ಚಾನೆಲ್ಲನ್ನೂ ಹಿಡಿದು ಕೇಬಲ್ಲಿಗೆ ಬಿಡಲು ಒಂದೊಂದು ಡಬ್ಬಿ ಇತ್ತು. ಸಿನಿಮಾ ಚಾನೆಲ್ಲಿನ ಡಬ್ಬಿ ಸುಟ್ಟುಹೋಯಿತು. ಮಂಡ್ಯದಲ್ಲಿ ರಿಪೇರಿ ಮಾಡುವವನಿಗೆ ಜ್ವರ, ಅಂಗಡಿ ಮುಚ್ಚಿತ್ತು. ಮನೆಯಲ್ಲೇ ಕೂತ ಜನ ಫೋನ್ ಮಾಡಿ ಮಾಡಿ ತಲೆ ತಿಂದರು — "ಪಿಚ್ಚರ್ ಆಕ್ತೀಯೋ, ವೈರ್ ಕಿತ್ತೆಸೀಲೋ?" ಪಾಠ ಯಾರು ನೋಡುತ್ತಾರೆ ಅಂದುಕೊಂಡೆ. ಪಾಠದ ಚಾನೆಲ್ಲಿನ ಡಬ್ಬಿ ಕಿತ್ತು ಸಿನಿಮಾಕ್ಕೆ ಹಾಕಿದೆ.

ಕೇಳಿದವಳು ನೀನೊಬ್ಬಳೇ. ಉಳಿದ ಮಕ್ಕಳ ಮನೆಯಲ್ಲಿ ಪಾಠ ನೋಡಲು ಮೊಬೈಲ್ ಇತ್ತು, ನಿನಗಿರಲಿಲ್ಲ.

"ಪಾಠ ಬತ್ತಾಯಿಲ್ಲ ಕಣಣ್ಣ."

"ಸರ್ಕಾರ್ದೋರೇ ನಿಲ್ಸವ್ರೆ ಕಣವ್ವ" ಅಂದೆ. ನೀನು ನಂಬಿಬಿಟ್ಟೆ.

ಆಮೇಲೆ ಮಕ್ಕಳು ಪಾಠ ನೋಡುತ್ತಿದ್ದಾರಾ ಅಂತ ವಿಚಾರಿಸಲು ನಿಮ್ಮ ಶಾಲೆಯ ಮೇಷ್ಟ್ರು ಮನೆಮನೆ ಸುತ್ತಿಕೊಂಡು ಬಂದರು. ಪಾಠ ನಿಂತಿದೆ ಅಂತ ನೀನಂದರೆ ಅವರು ನಕ್ಕರಂತೆ. ನಿಮ್ಮವ್ವ ಜಯಮ್ಮ ನಿನ್ನ ರಟ್ಟೆ ಹಿಡಿದು, ಮೇಷ್ಟ್ರನ್ನೂ ಕರೆದುಕೊಂಡು ನನ್ನ ಬಾಗಿಲಿಗೇ ಬಂದಳು.

"ನಿಜ ಏಳಣ್ಣ. ಪಾಠ ನಿಂತೈತಾ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಸರ್ಕಾರದ ಚಾನೆಲ್ ಕಿತ್ತಿದ್ದು ಗೊತ್ತಾದರೆ ಲೈಸೆನ್ಸ್ ಹೋಗುತ್ತದೆ, ಅನ್ನ ಹೋಗುತ್ತದೆ. ನಿನ್ನ ಮುಖ ನೋಡಲಿಲ್ಲ.

"ದಿನಾ ಬತ್ತೈತಲ್ಲಮ್ಮ. ನಾನ್ಯಾಕೆ ನಿಲ್ಸ್ಲಿ?"

"ನೀನೇ ಅಲ್ವಾ ಏಳಿದ್ದು..." ಅಂದೆ ನೀನು. ಅಷ್ಟರಲ್ಲಿ ಜಯಮ್ಮ ನಿನ್ನ ಕೆನ್ನೆಗೆ ಬಾರಿಸಿದ್ದಳು.

ಅಲ್ಲಿಗೂ ಮುಗಿಸಲಿಲ್ಲ ನಾನು, ಪಾಪಿ. ನೀವು ಬೀದಿ ತಿರುಗುವಷ್ಟರಲ್ಲಿ ಮಹಡಿಗೆ ಓಡಿ, ಡಬ್ಬಿಯನ್ನು ಮತ್ತೆ ಪಾಠದ ಚಾನೆಲ್ಲಿಗೆ ಹಾಕಿದೆ. ನೀವು ಹೋಗಿ ಟಿವಿ ಹಾಕಿದರೆ, ಪಾಠ ಬರುತ್ತಿತ್ತು. ಅದನ್ನು ನೋಡುತ್ತ ನಿನಗೆ ಏನನ್ನಿಸಿತೋ — ಯೋಚಿಸಲು ಭಯವಾಗುತ್ತದೆ.

ಶಾಲೆ ತೆರೆದಾಗ ನೀನು ಹೋಗಲಿಲ್ಲ. ಸುಳ್ಳುಬುರುಕಿ ಅನ್ನಿಸಿಕೊಂಡು ಆ ಮೇಷ್ಟ್ರ ಮುಂದೆ ಹೇಗೆ ಕೂರುತ್ತೀಯ? ಈಗ ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುತ್ತೀಯ. ವ್ಯಾನು ನನ್ನ ಅಂಗಡಿ ಮುಂದೆಯೇ ನಿಲ್ಲುತ್ತದೆ. ಅದು ಬರುವ ಹೊತ್ತಿಗೆ ನಾನು ಒಳಗೆ ಸೇರಿಕೊಳ್ಳುತ್ತೇನೆ. ನೀನು ಒಂದು ದಿನವೂ ಏನೂ ಅಂದಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲವೇನೋ.

ಮೊನ್ನೆ ಕೇಬಲ್ ಸರಿ ಮಾಡಲು ನಿಮ್ಮ ಮನೆಗೆ ಬಂದಿದ್ದೆನಲ್ಲ. ಹತ್ತನೇ ಕ್ಲಾಸಿಗೆ ಹೊರಗಿನಿಂದ ಪರೀಕ್ಷೆ ಕಟ್ಟುತ್ತೇನೆ ಅಂತ ನೀನು ಅವ್ವನನ್ನು ಅಂಗಲಾಚುತ್ತಿದ್ದೆ.

"ಬುಡು ಬುಡು! ಟಿವಿ ಪಾಠಕ್ಕೇ ಸುಳ್ಳೇಳ್ದೋಳು, ಈಗ ಓದ್ಬುಟ್ಟೀಯಾ? ಬೇಕಾರೆ ಅಣ್ಣನ್ನೇ ಕೇಳು" ಅಂದಳು ಜಯಮ್ಮ.

ನನ್ನನ್ನು ಸಾಕ್ಷಿಗೆ ಕರೆದಳು, ರೂಪಾ! ನೀನು ತಿರುಗಿ ನನ್ನ ಕಡೆ ನೋಡಿದೆ. ನಾನು — ತಲೆ ಎತ್ತದೆ ಸ್ಕ್ರೂ ತಿರುಗಿಸುತ್ತ ಕೂತೆ.

ಭಾನುವಾರ ನಿನಗೆ ರಜ. ಬೆಳಿಗ್ಗೆ ಬರುತ್ತೇನೆ. ಮೇಷ್ಟ್ರಿಗೂ ಬರಲು ಹೇಳಿದ್ದೇನೆ. ಅವರ ಎದುರಿಗೇ ಅಲ್ಲವೇ ನಿನ್ನನ್ನು ಸುಳ್ಳುಬುರುಕಿ ಮಾಡಿದ್ದು. ಲೈಸೆನ್ಸ್ ಹೋದರೆ ಹೋಗಲಿ. ಜಯಮ್ಮ ಕೆನ್ನೆಗೆ ಬಾರಿಸಿದರೆ ಬಾರಿಸಲಿ. ಅದಕ್ಕಲ್ಲ ಹೆದರಿಕೆ. ಎಲ್ಲ ಕೇಳಿಸಿಕೊಂಡು ನೀನು, "ಓಗ್ಲಿ ಬುಡಣ್ಣ, ಇನ್ನೇನು ಓದೋದು" ಅಂದುಬಿಟ್ಟರೆ —

ಹಾಗನ್ನಬೇಡ ಕಣವ್ವ.