ನಲವತ್ತು ಡಬ್ಬಿ ಮಲ್ಲಿಗೆ

ಬೋಳು ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಮುಂಗಡ ಕೊಟ್ಟ ಮೇಲೆ. ಮೊದಲೇ ವಿಚಾರಿಸಬೇಕಿತ್ತು, ಒಪ್ಪಿದೆ. ಆದರೆ ನಮ್ಮ ಮನೆಯಲ್ಲಿ ಯಾವ ಕೆಲಸ ತಾನೇ ಕ್ರಮದಲ್ಲಿ ನಡೆದಿದೆ? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರು ನಾವು. ಅಪ್ಪ ಕಾಪುವಿನಲ್ಲಿ ಟೈಲರ್ ಬೇರೆ, ಕುಲಾವಿಗೆ ಬಟ್ಟೆಯ ಚೂರು ಸದಾ ಸಿದ್ಧ. ಜಾಗದ ಕರಾರು ಆದ ಸಂಜೆಯೇ ಅವನು ಅಳತೆ ಟೇಪು ಹಿಡಿದು, ಇಲ್ಲದ ಮನೆಯ ಇಲ್ಲದ ಕಿಟಕಿಗೆ ಪರದೆ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಿದ್ದ.

ಜಾಗ ಬೇಕು ಎಂದು ಹಟ ಹಿಡಿದವಳು ಅಮ್ಮ. ಅವಳಿಗೆ ಬೇಕಾದದ್ದು ಮನೆಗೂ ಅಲ್ಲ, ಮಲ್ಲಿಗೆಗೆ. ನಮ್ಮ ಕಡೆ ಮಲ್ಲಿಗೆ ಕೃಷಿ ಹೆಂಗಸರ ಕೈಯ ಕೆಲಸ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಕೊಟ್ಟರೆ ಅಂದಿನ ದರಕ್ಕೆ ದುಡ್ಡು. ಕಟ್ಟೆ ಎಂದರೆ ಹೂವಿನ ವ್ಯಾಪಾರಿ ಕೂತು ದರ ಹೇಳುವ ಅಂಗಡಿ. ಬಾಡಿಗೆ ಮನೆಯ ಅಂಗಳದಲ್ಲಿ ನೆಟ್ಟ ಗಿಡ ಬಾಡಿಗೆದಾರನದ್ದಲ್ಲ ಎಂಬುದು ನಮ್ಮ ಊರಿನ ಪದ್ಧತಿ. ನೆಲಕ್ಕೆ ಇಳಿದದ್ದು ನೆಲದ ಯಜಮಾನನಿಗೆ. ಕಾಪುವಿನ ಮೊದಲ ಮನೆ ಬಿಡುವಾಗ ಹದಿನೆಂಟು ಗಿಡ ಬಿಟ್ಟು ಬಂದೆವು. ಮರುವಾರ ಆ ಮನೆಯ ಯಜಮಾನತಿ ಅಮ್ಮನ ಗಿಡದ ಹೂವನ್ನೇ ಕಟ್ಟಿ ಕಟ್ಟೆಗೆ ತಂದಿದ್ದಳು. ಅದೂ ಎಂಥ ಕೆಟ್ಟ ಕಟ್ಟು! ಗಿಡ ಹೋದದ್ದಕ್ಕಿಂತ ಆ ಸಡಿಲ ಕಟ್ಟಿಗೆ ಅಮ್ಮನ ಹೊಟ್ಟೆ ಹೆಚ್ಚು ಉರಿಯಿತು.

ಉಚ್ಚಿಲದ ಎರಡನೇ ಮನೆಯಲ್ಲೂ ಅದೇ ಕತೆ. ಮೂರನೆಯದಕ್ಕೆ, ಶಿರ್ವದ ಹತ್ತಿರ ಬಂದ ಮೇಲೆ, ಅಮ್ಮ ಒಂದು ಗಿಡವನ್ನೂ ನೆಲಕ್ಕೆ ಇಳಿಸಲಿಲ್ಲ. ಹೋಟೆಲುಗಳಿಂದ ಖಾಲಿ ಎಣ್ಣೆ ಡಬ್ಬಿ ತಂದು, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಣ್ಣು ತುಂಬಿ ಅದರಲ್ಲೇ ಬೆಳೆಸಿದಳು. ನಲವತ್ತು ಡಬ್ಬಿ. ಬಂದವರೆಲ್ಲ ಇದೆಂತ, ಎಣ್ಣೆ ಅಂಗಡಿಯಾ ಎಂದು ಕೇಳುತ್ತಿದ್ದರು. "ನಗಿ, ನಗಿ. ನಾಳೆ ಹೊರಡು ಅಂದರೆ ಟೆಂಪೊಗೆ ಹಾಕಿ ಹೊರಡ್ತೇನೆ" ಎನ್ನುತ್ತಿದ್ದಳು. ಡಬ್ಬಿಯ ಗಿಡ ಹೂ ಕೊಡುತ್ತದೆ, ಇಲ್ಲವೆಂದಲ್ಲ. ಆದರೆ ನೆಲದ ಗಿಡದ ಅರ್ಧದಷ್ಟೂ ಇಲ್ಲ. ಅದು ಅವಳಿಗೆ ಗೊತ್ತಿತ್ತು, ಪ್ರತಿ ಬೆಳಿಗ್ಗೆ ಗೊತ್ತಾಗುತ್ತಿತ್ತು.

ಆಗ ಸಿಕ್ಕಿದ್ದು ಪೊರ್ಬುಗಳ ಮೂವತ್ತು ಸೆಂಟ್ಸ್. ಕೊಂಕಣಿ ಮಾತನಾಡುವ ಕ್ರೈಸ್ತ ಹಿರಿಯರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಗಲ್ಫಿನಿಂದ ಮರಳಿ ದೊಡ್ಡ ಮನೆ ಕಟ್ಟಿಸಿಕೊಂಡಿದ್ದ ಇವರಿಗೆ ರಸ್ತೆಯಾಚೆಯ ಈ ತುಂಡು ಬೇಡವಾಗಿತ್ತು. ಮುಳ್ಳುಪೊದೆ, ಮೇಲೆ ಕೆಂಪು ಮಣ್ಣು, ಕೆಳಗೆ ಕೆಂಪುಕಲ್ಲು. ಬಾವಿ ಇಲ್ಲ, ಬೇಲಿ ಇಲ್ಲ. ಅಪ್ಪನ ಹುಟ್ಟೂರು ಅಜೆಕಾರಿನ ಕುಟುಂಬದ ಜಮೀನಿನ ಪಹಣಿಯಲ್ಲಿ ಅವನ ಹೆಸರಿದ್ದದ್ದರಿಂದ ಕೃಷಿ ಜಾಗ ಕೊಳ್ಳಲು ಕಾನೂನಿನ ಅಡ್ಡಿ ಇರಲಿಲ್ಲ. ಅಲ್ಲಿ ಅವನ ಪಾಲಿಗೆ ಬರುವುದು ಚಾಪೆ ಹಾಸುವಷ್ಟು ಜಾಗ, ಆದರೂ ಹೆಸರು ಹೆಸರೇ ತಾನೆ. ಅಮ್ಮನ ಬಳೆ ಸೊಸೈಟಿಯಲ್ಲಿ ಅಡವು ಬಿತ್ತು, ಅದು ಮುಂಗಡ. ಉಳಿದದ್ದಕ್ಕೆ ಮೂರು ತಿಂಗಳ ವಾಯಿದೆ.

"ಮೂರು ತಿಂಗಳಿಗೆ ಒಂದು ದಿನ ಹೆಚ್ಚಾದರೂ ನನ್ನನ್ನು ದೂರಬಾರದು" ಎಂದರು ಪೊರ್ಬುಗಳು. "ಕಲ್ಲಿನ ಕೋರೆಯವನು ಎರಡು ಸಲ ಬಂದು ಹೋಗಿದ್ದಾನೆ."

ಕೋರೆಯವನು ಕೊಂಡರೆ ಮಣ್ಣು ಕೆರೆದು ಹಾಕಿ ಕಲ್ಲು ಕಡಿಯುತ್ತಾನೆ. ಜಾಗವೂ ಹೋಗುತ್ತದೆ, ಮುಂಗಡಕ್ಕೆಂದು ಅಡವಿಟ್ಟ ಬಳೆಯೂ ಹೋಗುತ್ತದೆ.

ನಾನಾಗ ಮಣಿಪಾಲದಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಡಾಕ್ಟರಾಗುವವರ ಪ್ರಬಂಧಗಳನ್ನು ದಿನವಿಡೀ ಟೈಪು ಮಾಡಿ, ನಾನೂ ಏನೋ ಓದಿದವಳು ಎಂಬ ಅಹಂಕಾರ ತಲೆಗೆ ಏರಿತ್ತು. ಹಾಗಾಗಿ ಬ್ಯಾಂಕಿಗೆ ಅಮ್ಮನ ಜೊತೆ ನಾನೇ ಹೋದೆ. ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು.

"ಬರೀ ಜಾಗಕ್ಕೆ ಸಾಲ ಕೇಳಿದರೆ ಹೇಗೆ ಅಮ್ಮ? ಎಂತ ಉಂಟು ಅಲ್ಲಿ? ಬಾವಿ ಉಂಟಾ? ಬೆಳೆ ಉಂಟಾ?"

"ಎಂತದೂ ಇಲ್ಲ. ಇದ್ದಿದ್ದರೆ ನಮಗೆ ಆ ಕ್ರಯಕ್ಕೆ ಸಿಗ್ತಿತ್ತಾ?" ಎಂದಳು ಅಮ್ಮ.

"ಮಲ್ಲಿಗೆ ಕೃಷಿ ಇದ್ದರೆ ನೋಡಬಹುದಿತ್ತು. ಖಾಲಿ ಜಾಗಕ್ಕೆ ಆಗುವುದಿಲ್ಲ."

ಅಮ್ಮ ಏಳಲು ಹೊರಟಿದ್ದಳು. ಅಷ್ಟರಲ್ಲಿ ನನ್ನ ಬಾಯಿ ತೆರೆಯಿತು. "ಗಿಡ ಉಂಟು ಸರ್. ಆ ಜಾಗದಲ್ಲೇ ಹಾಕಿದ್ದೇವೆ. ನಲವತ್ತು!"

"ಹೌದಾ? ಹಾಗಾದರೆ ಸೋಮವಾರ ಬಂದು ನೋಡ್ತೇನೆ."

ಬಸ್ಸಿನಲ್ಲಿ ಅಮ್ಮ ಶಿರ್ವದವರೆಗೂ ನನ್ನ ಮುಖ ನೋಡಲಿಲ್ಲ. ಇಳಿದ ಮೇಲೆ ಒಂದೇ ಮಾತು: "ಆ ಬಾಯಿಗೆ ಒಂದು ಬೀಗ ಮಾಡಿಸಬೇಕು ಮಾರಾಯ್ತಿ."

ಅಪ್ಪನಿಗೆ ಮಾತ್ರ ಭಾರಿ ಖುಷಿ. ಭಾನುವಾರ ಬೆಳಿಗ್ಗೆಯೇ ಟೆಂಪೊ ತಂದ. ಪೊರ್ಬುಗಳನ್ನು ಕೇಳಿದಾಗ, "ಹೊಂಡ ತೋಡ್ತೀರಾ? ತೋಡಿ. ಜಾಗ ನಿಮಗೆ ಸಿಗದಿದ್ದರೆ ಕೋರೆಯವನಿಗೆ ಅಷ್ಟು ಕೆಲಸ ಕಡಿಮೆ" ಎಂದು ನಕ್ಕು ಪಿಕ್ಕಾಸಿಯನ್ನೂ ಕೊಟ್ಟರು. ಡಬ್ಬಿ ಒಡೆದು ಗಿಡ ನೆಡೋಣ ಎಂದ ಅಪ್ಪ. ಅಮ್ಮ ಪಿಕ್ಕಾಸಿಯನ್ನೇ ಕಿತ್ತುಕೊಂಡಳು. "ಜಾಗ ಇನ್ನೂ ಅವರದ್ದು. ಮೂರನೇ ಸಲ ನಾನು ನೆಲಕ್ಕೆ ದಾನ ಮಾಡ್ಲಿಕ್ಕಿಲ್ಲ." ಹಾಗಾದರೆ ಡಬ್ಬಿ ಸಮೇತ ಹೂತುಬಿಡೋಣ, ಅಂಚಿನ ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ? ಈ ಅತಿಬುದ್ಧಿಯೂ ನನ್ನದೇ. ಸಂಜೆಯೊಳಗೆ ನಲವತ್ತು ಹೊಂಡ, ನಲವತ್ತು ಡಬ್ಬಿ. ನನ್ನ ಅಂಗೈಯಲ್ಲಿ ಎದ್ದ ಗುಳ್ಳೆಗಳಿಂದ ಒಂದು ವಾರ ಟೈಪು ಮಾಡಲಾಗಲಿಲ್ಲ. ಆದರೆ ಸಾಲಾಗಿ ನಿಂತ ಗಿಡಗಳನ್ನು ನೋಡಿದಾಗ, ಸುಳ್ಳಾದರೂ ಎಷ್ಟು ಚಂದದ ಸುಳ್ಳು ಎನಿಸಿತು.

ಸೋಮವಾರ ಮ್ಯಾನೇಜರು ಸ್ಕೂಟರಿನಲ್ಲಿ ಬಂದರು, ಕೈಯಲ್ಲಿ ಉದ್ದ ಕೊಡೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ನಾನು ಅವರ ಹಿಂದೆಯೇ ಓಡಾಡುತ್ತ ಅಗತ್ಯವಿಲ್ಲದ್ದೆಲ್ಲ ಮಾತನಾಡಿದೆ. ಅವರು ಒಂದೊಂದು ಸಾಲನ್ನೂ ನಿಧಾನಕ್ಕೆ ನೋಡಿದರು. ಎಲೆ ಮುಟ್ಟಿದರು. "ಒಳ್ಳೆ ಗಿಡ" ಎಂದರು. ನನಗೆ ಜೀವ ಬಂದಂತಾಯಿತು. ಆಮೇಲೆ, ದಣಿದ ಮನುಷ್ಯ, ನಿಲ್ಲಲು ಆಸರೆಗೆಂದು ಕೊಡೆಯನ್ನು ಗಿಡದ ಬುಡದ ಪಕ್ಕದ ಸಡಿಲ ಮಣ್ಣಿಗೆ ಊರಿದರು.

ಠಣ್!

ಮ್ಯಾನೇಜರು ಕೆಳಗೆ ನೋಡಿದರು. ಇನ್ನೊಂದು ಗಿಡದ ಬುಡಕ್ಕೆ ಹೋಗಿ ಕುಟ್ಟಿದರು. ಠಣ್. ಮತ್ತೊಂದಕ್ಕೆ. ಠಣ್. ದೇವರೇ, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಅಪ್ಪ ಆಕಾಶ ನೋಡುತ್ತಿದ್ದ. ಆಚೆ ರಸ್ತೆಯಲ್ಲಿ ಪೊರ್ಬುಗಳು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

"ಇದೆಂತ ಅಮ್ಮ? ನಿಧಿ ಉಂಟಾ ಅಡಿಯಲ್ಲಿ?"

ಅಮ್ಮ ಮುಂದೆ ಬಂದಳು. ನನ್ನ ಕಡೆ ಬೆರಳು ತೋರಿಸಿ, "ಸುಳ್ಳು ಹೇಳಿದ್ದು ಇವಳು. ಹೂತದ್ದು ನಾವು ಮೂವರೂ. ತಪ್ಪಾಯ್ತು" ಎಂದಳು. ಅಲ್ಲಿಗೆ ನಿಲ್ಲಿಸಿದಳೇ? ಕಾಪುವಿನ ಹದಿನೆಂಟು ಗಿಡ, ಉಚ್ಚಿಲದ ಇಪ್ಪತ್ತು, ಆ ಯಜಮಾನತಿಯ ಸಡಿಲ ಕಟ್ಟು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಕ್ಷಮೆ ಕೇಳಲು ಬಂದವಳು ಜಗಳಕ್ಕೆ ಬಂದವಳಾದಳು. "ನನ್ನ ನೆಲ ಅಂತ ಇದ್ದಿದ್ದರೆ ಡಬ್ಬಿ ಯಾಕೆ ಸರ್? ಗಿಡ ಇದ್ದರೆ ಜಾಗಕ್ಕೆ ಸಾಲ ಕೊಡ್ತೀರಿ. ಜಾಗ ಇಲ್ಲದೆ ನಾನು ಗಿಡ ಎಲ್ಲಿ ನೆಡುವುದು? ನಿಮ್ಮ ತಲೆಗೆ ಹಾಕ್ಲಾ?"

ಮುಗಿಯಿತು, ಬಳೆ ಹೋಯಿತು ಎಂದುಕೊಂಡೆ. ಮ್ಯಾನೇಜರು ಕೊಡೆಯ ತುದಿಯ ಮಣ್ಣು ಒರೆಸಿದರು, ಭುಜ ಅಲುಗುತ್ತಿತ್ತು. ಅವರು ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು.

"ನನ್ನ ಅಮ್ಮನೂ ಮಲ್ಲಿಗೆ ಕಟ್ಟಿಯೇ ನನ್ನನ್ನು ಓದಿಸಿದ್ದು" ಎಂದರು. "ಮಣ್ಣು ನೋಡಿದರೆ ನಿನ್ನೆ ಅಗೆದದ್ದು. ನೆಟ್ಟ ಮರುದಿನ ಬಾಡದ ಮಲ್ಲಿಗೆ ಗಿಡ ನಾನು ನೋಡಿಲ್ಲ. ಬಂದ ಕೂಡಲೇ ಸಂಶಯ ಬಂದಿತ್ತು. ಡಬ್ಬಿ ಅಂತ ಮಾತ್ರ ಅಂದಾಜಾಗಲಿಲ್ಲ." ಆಮೇಲೆ ಗಂಭೀರವಾದರು. "ವರದಿಯಲ್ಲಿ ಡಬ್ಬಿಯ ವಿಷಯವನ್ನೂ ಬರೀತೇನೆ, ಸುಳ್ಳು ಬರೀಲಿಕ್ಕಾಗುವುದಿಲ್ಲ. ಕಟ್ಟೆಯವರು ಜಾಮೀನು ನಿಲ್ತಾರಾ ಕೇಳಿ. ಇವಳ ಸಂಬಳದ ಪತ್ರ ತನ್ನಿ. ಹೂವಿನ ಆದಾಯದ ಮೇಲೆ ಆಗ್ತದಾ ನೋಡುವ. ಓಡಿಹೋಗುವವರು ನಲವತ್ತು ಡಬ್ಬಿ ಹೊತ್ತುಕೊಂಡು ಎಷ್ಟು ದೂರ ಓಡಬಹುದು, ಅಲ್ವಾ?"

ಕಟ್ಟೆಯ ವ್ಯಾಪಾರಿ ಎರಡು ಮಾತಿಲ್ಲದೆ ಸಹಿ ಹಾಕಿದರು. ಅಮ್ಮನ ಕಟ್ಟು ಒಂದು ದಿನವೂ ಸಡಿಲವಾದದ್ದಿಲ್ಲ, ಇನ್ನು ಕಂತು ಸಡಿಲವಾಗುತ್ತದಾ ಎಂದರಂತೆ. ವಾಯಿದೆಗೆ ಐದು ದಿನ ಇರುವಾಗ ಸಾಲ ಮಂಜೂರಾಯಿತು. ನೋಂದಣಿ ಮುಗಿಸಿ ಬಂದ ದಿನ ಪೊರ್ಬುಗಳು ನಮಗೆಲ್ಲ ಕೇಕು ಕೊಟ್ಟರು. ಪಿಕ್ಕಾಸಿಯನ್ನು ಮಾತ್ರ ನೆನಪಿನಿಂದ ವಾಪಸು ಪಡೆದರು.

ಇನ್ನು ಡಬ್ಬಿ ತೆಗೆದು ಗಿಡ ನೆಡೋಣ ಎಂದೆ. ಅಮ್ಮ ಒಪ್ಪಲಿಲ್ಲ.

"ಜಾಗದ ಪತ್ರ ಎಲ್ಲಿ ಉಂಟು?"

"ಬ್ಯಾಂಕಿನಲ್ಲಿ."

"ಪತ್ರ ಯಾರ ಹತ್ರ ಉಂಟೋ ಜಾಗ ಅವರದ್ದು. ಇದುವರೆಗೆ ಮನೆಯ ಯಜಮಾನನಿಗೆ ಬಾಡಿಗೆ ಕೊಟ್ಟೆ, ಇನ್ನು ಬ್ಯಾಂಕಿಗೆ ಕೊಡ್ತೇನೆ. ಅಷ್ಟೇ ವ್ಯತ್ಯಾಸ."

ಎಷ್ಟು ಹೇಳಿದರೂ ಕೇಳಲಿಲ್ಲ. ಬಾವಿ ಬಂತು, ಎರಡು ಕೋಣೆಯ ಮನೆ ಬಂತು, ಅಪ್ಪನ ಪರದೆಗಳೂ ಬಂದವು, ಎಲ್ಲ ಒಂದೊಂದು ಗೇಣು ಗಿಡ್ಡ. ಡಬ್ಬಿಗಳು ಮಾತ್ರ ಮಣ್ಣಿನಡಿ ಹಾಗೆಯೇ ಉಳಿದವು. ಎರಡನೇ ವರ್ಷದಿಂದ ಹೂ ವಿಪರೀತ ಬರತೊಡಗಿತು. ಗೊಬ್ಬರದ ಗುಣ ಎಂದಳು ಅಮ್ಮ.

ಏಳು ವರ್ಷಕ್ಕೆ ಕೊನೆಯ ಕಂತು ಮುಗಿದು ಪತ್ರ ಕೈಗೆ ಬಂತು. ಅಮ್ಮ ಅದನ್ನು ದೇವರ ಮುಂದಿಟ್ಟು, ಕಾಫಿಯನ್ನೂ ಕುಡಿಯದೆ, ಪಿಕ್ಕಾಸಿ ಹಿಡಿದು ಅಂಗಳಕ್ಕೆ ಇಳಿದಳು. ಈ ಸಲದ ಪಿಕ್ಕಾಸಿ ನಮ್ಮದೇ. ಮೊದಲ ಗಿಡದ ಪಕ್ಕ ಜಾಗ್ರತೆಯಿಂದ ಅಗೆದೆವು. ಡಬ್ಬಿ ಸಿಗಲಿಲ್ಲ. ಇನ್ನಷ್ಟು ಅಗೆದೆವು. ತುಕ್ಕಿನ ಹಪ್ಪಳದಂಥ ಚೂರುಗಳು ಬಂದವು, ಅವುಗಳ ನಡುವೆ ನನ್ನ ಹೆಬ್ಬೆರಳಿಗಿಂತ ದಪ್ಪ ಬೇರು, ಕೆಳಗೆ, ಕೆಂಪುಕಲ್ಲಿನ ಸಂದಿಯವರೆಗೆ. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಅವು ಯಾರ ಪತ್ರಕ್ಕೂ ಕಾದಿರಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಹೊಂಡದ ಅಂಚಿನಲ್ಲಿ ಕೂತು ಆ ಬೇರನ್ನು ತುಂಬಾ ಹೊತ್ತು ಸವರಿದಳು. ಅವಳೂ ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು.

"ನೋಡು, ಇವು ಆವಾಗಲೇ ಮನೆ ಮಾಡಿಕೊಂಡಿವೆ" ಎಂದಳು. "ಏಳು ವರ್ಷ ಇಲ್ಲಿ ಬಾಡಿಗೆಗೆ ಇದ್ದದ್ದು ನಾನೊಬ್ಬಳೇ."